ಕೂಡೋಸ್ ಅಂದರೆ ಏನು? ಅದರ ಕೊನೆಯ ‘ಸ್’ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಯಾರಾದರೂ ಒಳ್ಳೆ ಕೆಲಸ ಮಾಡಿದರೆ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ‘ಕೂಡೋಸ್ ಟು ದ ಟೀಮ್’ ಅಂತ ಮೇಲ್ ಹಾಕುತ್ತಾರೆ. ಮೊನ್ನೆ ಹೊಗಳಿದ್ದು ಒಬ್ಬರನ್ನು ಮಾತ್ರ. ಅದಕ್ಕೆ ಸಹೋದ್ಯೋಗಿಯೊಬ್ಬರು ‘ಎ ಬಿಗ್ ಕೂಡೋ’ ಅಂತ ಬರೆದರು. ಒಬ್ಬರಿಗೆ ಕೂಡೋ, ಹಲವರಿಗೆ ಕೂಡೋಸ್ ಅನ್ನೋದು ಅವರ ವಾದ. ಸರಿಯೇ? ಈ ಪದ ಎಲ್ಲಿಯದು, ಹೇಗೆ ಉಚ್ಚರಿಸಬೇಕು, ಕನ್ನಡದಲ್ಲಿ ಏನನ್ನಬಹುದು?

ಉತ್ತರ: ಮೊದಲು ನೇರ ಉತ್ತರ. ಕೂಡೋಸ್ ಏಕವಚನ. ಕೊನೆಯಲ್ಲಿರುವ ‘ಸ್’ ಪದದ ಭಾಗವೇ, ಬಹುವಚನದ ಗುರುತಲ್ಲ. ಒಬ್ಬರಿಗೂ ಕೂಡೋಸ್, ನೂರು ಜನಕ್ಕೂ ಕೂಡೋಸ್. ‘ಎ ಕೂಡೋಸ್’ ಅಂತಲೂ ಬರೆಯುವುದಿಲ್ಲ, ಯಾಕೆಂದರೆ ಇದು ಎಣಿಸುವ ಪದವಲ್ಲ. ಎಷ್ಟು ಅಂತ ಹೇಳಲೇಬೇಕಾದರೆ ‘ಮಚ್ ಕೂಡೋಸ್’ ಅನ್ನಬೇಕು, ‘ಮೆನಿ ಕೂಡೋಸ್’ ಅಲ್ಲ.

ಇದಿಷ್ಟೇ ಸಾಕು ಅನ್ನೋರಿಗೆ ಇಷ್ಟು ಸಾಕು. ಆದರೆ ‘ಎಲ್ಲಿಯದು’ ಅಂತಲೂ ಕೇಳಿದ್ದೀರಿ. ಅದೇ ನನಗೆ ಇಷ್ಟವಾದ ಭಾಗ.

ಪದ ಗ್ರೀಕ್ ಭಾಷೆಯದು. ಅಲ್ಲಿ ಅದು ಕೂದೊಸ್, ‘ಕೂ’ ದೀರ್ಘ. ಹೋಮರನ ಕಾವ್ಯಗಳಲ್ಲಿ, ಅಂದರೆ ಸುಮಾರು ಕ್ರಿಸ್ತಪೂರ್ವ 8ನೇ ಶತಮಾನದಷ್ಟು ಹಳೆಯ ಗ್ರೀಕಿನಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಘಂಟು ತೆಗೆದರೆ ಕೀರ್ತಿ, ವೈಭವ, ಯುದ್ಧದಲ್ಲಿ ಗಳಿಸಿದ ಹೆಸರು ಅಂತೆಲ್ಲ ಅರ್ಥ ಕೊಟ್ಟಿರುತ್ತಾರೆ. ತಪ್ಪಲ್ಲ, ಆದರೆ ಸಾಲದು. ಆ ಪದ ಕಾವ್ಯದೊಳಗೆ ಹೇಗೆ ಓಡಾಡುತ್ತದೆ ಅಂತ ನೋಡಿದರೆ ಅದು ಬೇರೆಯೇ ವಸ್ತು ಅನ್ನಿಸುತ್ತದೆ.

ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಕಾವ್ಯ ಇಲಿಯಡ್‌ನ 22ನೇ ಭಾಗದ ಒಂದು ಜಾಗ ನೋಡಿ. ಟ್ರಾಯ್ ನಗರದ ಗೋಡೆಯ ಸುತ್ತ ಆ ನಗರದ ವೀರ ಹೆಕ್ಟರ್ ಓಡುತ್ತಿದ್ದಾನೆ, ಗ್ರೀಕರ ವೀರ ಅಕಿಲೀಸ್ ಬೆನ್ನಟ್ಟಿದ್ದಾನೆ. ಗ್ರೀಕ್ ಸೈನಿಕರೆಲ್ಲ ನೋಡುತ್ತಾ ನಿಂತಿದ್ದಾರೆ, ಕೈಯಲ್ಲಿ ಆಯುಧ ಇದೆ. ಯಾರಾದರೂ ಒಬ್ಬ ಗುರಿಯಿಟ್ಟು ಎಸೆದರೆ ಕಥೆ ಅಲ್ಲಿಗೇ ಮುಗಿಯಬಹುದು. ಅಕಿಲೀಸ್ ಓಡುತ್ತಲೇ ತಲೆ ಅಲ್ಲಾಡಿಸಿ ತನ್ನವರಿಗೆ ‘ಬೇಡ’ ಅನ್ನುತ್ತಾನೆ. ಯಾಕೆ ಅಂತ ಹೋಮರ್ ಬಿಡಿಸಿ ಹೇಳುತ್ತಾನೆ: ಬೇರೆ ಯಾರೋ ಹೊಡೆದು ಕೂದೊಸ್ ಗಳಿಸಿಬಿಟ್ಟರೆ ತಾನು ಎರಡನೆಯವನಾಗಿಬಿಡುತ್ತೇನೆ ಅಂತ. ಇಲ್ಲಿ ಕೂದೊಸ್ ಅಂದರೆ ಹೊಗಳಿಕೆಯ ಮಾತಲ್ಲ. ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ. ಅದು ಹೊಡೆತ ಬಿದ್ದ ಕ್ಷಣದಲ್ಲೇ ಹೊಡೆದವನ ಪಾಲಾಗುವಂಥದ್ದು. ಎತ್ತಿಕೊಳ್ಳುವುದು, ಗೆದ್ದುಕೊಳ್ಳುವುದು ಅನ್ನುವ ಕ್ರಿಯಾಪದವನ್ನೇ ಹೋಮರ್ ಅದರ ಜೊತೆ ಬಳಸುತ್ತಾನೆ. ಮತ್ತೆ ಇಲ್ಲಿ ಅದು ಒಬ್ಬನಿಗೇ ಸಿಗುತ್ತದೆ, ಹಂಚಿಕೊಳ್ಳೋಕೆ ಆಗಲ್ಲ.

16ನೇ ಭಾಗದಲ್ಲೂ ಇದೇ ಚಿಂತೆ. ಅಕಿಲೀಸ್ ತನ್ನ ಗೆಳೆಯ ಪಾಟ್ರೊಕ್ಲಸ್‌ನನ್ನು ಯುದ್ಧಕ್ಕೆ ಕಳಿಸುತ್ತಾ ಒಂದು ಮಾತು ಹೇಳುತ್ತಾನೆ. ಹಡಗುಗಳ ಹತ್ತಿರ ಬಂದಿರುವ ಶತ್ರುಗಳನ್ನು ಓಡಿಸು, ಅಷ್ಟು ಮಾಡಿ ವಾಪಸ್ ಬಾ. ಜ್ಯೂಸ್ ದೇವರು ನಿನಗೆ ಕೂದೊಸ್ ಕೊಟ್ಟರೂ ನಾನಿಲ್ಲದೆ ಮುಂದೆ ಹೋಗಬೇಡ, ಹೋದರೆ ನನ್ನ ಮಾನ ಕಡಿಮೆಯಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಕೊಡುವವನು ದೇವರು. ಜನರಲ್ಲ. ಇಲಿಯಡ್ ಉದ್ದಕ್ಕೂ ಹೀಗೇ. ಒಂದು ದಿನ ಟ್ರಾಯ್‌ನವರ ಕಡೆ ಕೂದೊಸ್, ಇನ್ನೊಂದು ದಿನ ಗ್ರೀಕರ ಕಡೆ. ದೇವರ ಮನಸ್ಸು ತಿರುಗಿದರೆ ಅದೂ ತಿರುಗುತ್ತದೆ.

ಫ್ರೆಂಚ್ ಭಾಷಾವಿದ್ವಾಂಸ ಎಮಿಲ್ ಬೆನ್ವೆನಿಸ್ಟ್ ಇದನ್ನೇ ಹಿಡಿದು 1969ರಲ್ಲಿ ಒಂದು ವಾದ ಮಂಡಿಸಿದರು. ಕೂದೊಸ್ ಅನ್ನು ಕೀರ್ತಿ ಅಂತ ಅನುವಾದಿಸುವುದೇ ಸರಿಯಲ್ಲ. ಅದು ದೇವರು ಒಬ್ಬ ವೀರನಿಗೆ ಆ ಹೊತ್ತಿಗೆ ಕೊಡುವ, ಎದುರಿಗೆ ಯಾರೂ ನಿಲ್ಲಲಾಗದಂಥ ಮೇಲುಗೈ, ಹೆಚ್ಚುಕಡಿಮೆ ರಕ್ಷೆ ಕಟ್ಟಿದ ಹಾಗೆ ಕೆಲಸ ಮಾಡುವ ಶಕ್ತಿ ಅಂತ. ಎಲ್ಲ ಸಾಲಿಗೂ ಈ ಅರ್ಥ ಒಪ್ಪುವುದಿಲ್ಲ. ನೆಸ್ಟರ್‌ನಂಥ ಮುದುಕನನ್ನೂ ‘ಗ್ರೀಕರ ದೊಡ್ಡ ಕೂದೊಸ್’ ಅಂತ ಕರೆಯುತ್ತಾರೆ, ಅಲ್ಲಿ ಹೆಮ್ಮೆ ಅನ್ನೋ ಅರ್ಥವೇ ಚೆನ್ನಾಗಿ ಕೂರುತ್ತದೆ. ಆದರೂ ಬೆನ್ವೆನಿಸ್ಟ್ ಬೆರಳಿಟ್ಟ ಜಾಗ ಸರಿಯಾದದ್ದು ಅಂತಲೇ ನನ್ನ ಅಭಿಪ್ರಾಯ.

ಯುದ್ಧಕ್ಕೆ ಮಾತ್ರ ಅಂದುಕೊಳ್ಳಬೇಡಿ. ‘ಗಂಡಸರಿಗೆ ಕೂದೊಸ್ ತಂದುಕೊಡುವ’ ಅನ್ನುವ ವಿಶೇಷಣ ಹೋಮರನಲ್ಲಿ ಯುದ್ಧಕ್ಕೆ ಸಾಮಾನ್ಯವಾಗಿ ಬರುತ್ತದೆ. ಮೊದಲನೇ ಭಾಗದಲ್ಲಿ ಮಾತ್ರ ಅದು ಸಭೆಗೆ ಸೇರಿಕೊಂಡಿದೆ. ಕೋಪ ಮಾಡಿಕೊಂಡ ಅಕಿಲೀಸ್ ಹಡಗಿನ ಹತ್ತಿರ ಕೂತುಬಿಟ್ಟ, ಕೂದೊಸ್ ತರುವ ಸಭೆಗೂ ಹೋಗಲಿಲ್ಲ, ಯುದ್ಧಕ್ಕೂ ಹೋಗಲಿಲ್ಲ ಅಂತ. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿ ಗೆಲ್ಲುವುದಕ್ಕೂ ಆ ಪದ ಸಲ್ಲುತ್ತಿತ್ತು.

ಅದೇ ಮೊದಲನೇ ಭಾಗದಲ್ಲಿ ಇನ್ನೊಂದು ಸಾಲಿದೆ. ಜಗಳ ಶುರುವಾಗುವ ಹೊತ್ತಿಗೆ ಅಕಿಲೀಸ್ ಗ್ರೀಕ್ ಸೈನ್ಯದ ನಾಯಕನಾದ ರಾಜ ಅಗಮೆಮ್ನಾನ್‌ನನ್ನು ‘ಎಲ್ಲರಿಗಿಂತ ಹೆಚ್ಚು ಕೂದೊಸ್ ಇರುವವನೇ’ ಅಂತ ಕರೆದು, ಅದೇ ಉಸಿರಲ್ಲಿ ‘ಎಲ್ಲರಿಗಿಂತ ದುರಾಸೆಯವನೇ’ ಅಂತ ಸೇರಿಸುತ್ತಾನೆ. ಮೊದಲ ಅರ್ಧ ರಾಜನಿಗೆ ಸಲ್ಲಿಸಬೇಕಾದ ಬಿರುದು. ಎರಡನೇ ಅರ್ಧ ಸಭೆಯ ನಡುವೆ ಹೊಡೆದ ಏಟು. ಸುಮಾರು 2,700 ವರ್ಷಗಳಷ್ಟು ಹಳೆಯ ಸಾಲು, ಈಗಲೂ ಓದಿದರೆ ಚುರುಕ್ ಅನ್ನುತ್ತದೆ.

ಹಾಗಾದರೆ ಹೊಗಳಿಕೆಗೆ, ಜನರ ಬಾಯಲ್ಲಿ ಉಳಿಯುವ ಹೆಸರಿಗೆ ಗ್ರೀಕರು ಏನನ್ನುತ್ತಿದ್ದರು? ಅದಕ್ಕೆ ಬೇರೆ ಪದ ಇತ್ತು, ಕ್ಲೆಯೊಸ್. ಅದರ ಬೇರು ‘ಕೇಳು’ ಅನ್ನುವ ಧಾತು. ಅಂದರೆ ಕೇಳಿಬರುವ ಹೆಸರು. ಕನ್ನಡದವರಿಗೆ ಇದು ದೂರದ ವಿಷಯವೇ ಅಲ್ಲ. ಶ್ರವಣ, ಶ್ರುತಿ, ಶ್ರೋತೃ ಇವೆಲ್ಲ ಸಂಸ್ಕೃತದ ಮೂಲಕ ನಮಗೆ ಬಂದ ಪದಗಳು, ಇವುಗಳ ಧಾತು ಮತ್ತು ಕ್ಲೆಯೊಸ್‌ನ ಧಾತು ಒಂದೇ. ವೇದದಲ್ಲಿ ಕೀರ್ತಿಗೆ ‘ಶ್ರವಸ್’ ಅನ್ನುತ್ತಾರೆ. ಅದು ಕ್ಲೆಯೊಸ್‌ನ ಒಡಹುಟ್ಟು. ಇನ್ನೂ ಸೋಜಿಗ ಏನೆಂದರೆ, ಇಲಿಯಡ್‌ನ 9ನೇ ಭಾಗದಲ್ಲಿ ಅಕಿಲೀಸ್ ತನಗೆ ‘ಅಳಿಯದ ಕ್ಲೆಯೊಸ್’ ಸಿಗುತ್ತದೆ ಅನ್ನುತ್ತಾನೆ. ಋಗ್ವೇದದ ಮೊದಲ ಮಂಡಲದ 9ನೇ ಸೂಕ್ತದಲ್ಲಿ ಇಂದ್ರನನ್ನು ಕೇಳಿಕೊಳ್ಳುವಾಗ ‘ಅಕ್ಷಿತ’ವಾದ, ಅಂದರೆ ಅಳಿಯದ ‘ಶ್ರವಸ್’ ಕೊಡು ಅಂತಿದೆ. ಎರಡೂ ಪದಜೋಡಿ ಧಾತುಸಮೇತ ಒಂದಕ್ಕೊಂದು ಹೊಂದುತ್ತವೆ. ಜರ್ಮನಿಯ ಭಾಷಾವಿದ್ವಾಂಸ ಆಡಾಲ್ಬರ್ಟ್ ಕೂನ್ ಇದನ್ನು 1853ರಲ್ಲೇ ಗುರುತಿಸಿ ಬರೆದರು. ಗ್ರೀಕ್, ಸಂಸ್ಕೃತ ಬೇರೆಯಾಗುವ ಮೊದಲೇ ಯಾರೋ ಕವಿಗಳು ಈ ಜೋಡಿ ಪದವನ್ನು ಹಾಡುತ್ತಿದ್ದಿರಬೇಕು ಅಂತ ಅವತ್ತಿನಿಂದ ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ.

ಕೂದೊಸ್‌ಗೂ ನಮ್ಮ ಕಡೆ ನಂಟರಿದ್ದಾರೆಯೇ? ಹಲವು ವಿದ್ವಾಂಸರು ಅದನ್ನು ‘ಗಮನಿಸು, ಕಾಣು, ಅರಿ’ ಅನ್ನುವ ಅರ್ಥದ ಹಳೆಯ ಧಾತುವಿಗೆ ಜೋಡಿಸುತ್ತಾರೆ. ಪವಾಡಕ್ಕೆ ರಷ್ಯನ್ನರು ಹೇಳುವ ‘ಚೂದೊ’ ಅದೇ ಧಾತುವಿನದು ಅನ್ನುತ್ತಾರೆ. ಅದೇ ಪಟ್ಟಿಯಲ್ಲಿ ಸಂಸ್ಕೃತದ ‘ಕವಿ’ಯೂ ಇದೆ! ವೇದಕಾಲದಲ್ಲಿ ಕವಿ ಅಂದರೆ ಕಾಣುವವನು, ದ್ರಷ್ಟಾರ. ಇದು ಶಬ್ದಮೂಲದ ಊಹೆ, ಆದರೆ ಗಟ್ಟಿ ಆಧಾರದ ಊಹೆ. ನೋಡಿದವರ ಕಣ್ಣು ಅರಳಿಸುವಂಥದ್ದು ಕೂದೊಸ್, ಕೇಳಿದವರು ಮುಂದಕ್ಕೆ ಹೇಳುವಂಥದ್ದು ಕ್ಲೆಯೊಸ್ ಅಂತ ಇಟ್ಟುಕೊಂಡರೆ ಎರಡರ ನಡುವಿನ ಗೆರೆ ಬೇಗ ನೆನಪಲ್ಲಿ ಉಳಿಯುತ್ತದೆ.

ಈಗ ‘ಸ್’ ವಿಷಯಕ್ಕೆ ಬರೋಣ. ಇಂಗ್ಲಿಷ್ ಮಾತಾಡುವವರಿಗಿಂತ ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ಮನಸ್ಸು, ತಪಸ್ಸು, ತೇಜಸ್ಸು, ಯಶಸ್ಸು. ಈ ಪದಗಳ ಮೂಲ ಸಂಸ್ಕೃತ ರೂಪ ಮನಸ್, ತಪಸ್, ತೇಜಸ್, ಯಶಸ್. ಎಲ್ಲವೂ ನಪುಂಸಕಲಿಂಗ, ಎಲ್ಲದರ ಕೊನೆಯಲ್ಲೂ ‘ಅಸ್’. ಗ್ರೀಕಿನ ಕೂದೊಸ್, ಕ್ಲೆಯೊಸ್ ಕೂಡ ಇದೇ ಗುಂಪಿನ ನಪುಂಸಕಲಿಂಗದ ಪದಗಳು. ಇದು ಕಾಕತಾಳೀಯ ಅಲ್ಲ, ಎರಡೂ ಭಾಷೆಗಳಿಗೆ ಒಂದೇ ಮೂಲದಿಂದ ಬಂದ ಪ್ರತ್ಯಯ. ಶ್ರವಸ್‌ಗೆ ಕ್ಲೆಯೊಸ್, ಮನಸ್‌ಗೆ ಮೆನೊಸ್, ನಭಸ್‌ಗೆ ನೆಫೊಸ್ ಅಂತ ಜೋಡಿ ಕೂರಿಸುತ್ತಾ ಹೋಗಬಹುದು. ಅಂದರೆ ಕೂಡೋಸ್‌ನ ‘ಸ್’ ನಮ್ಮ ಯಶಸ್ಸಿನ ‘ಸ್’. ಯಶಸ್ಸಿನಲ್ಲಿರುವ ‘ಸ್’ ಬಹುವಚನ ಅಂತ ಯಾರಾದರೂ ಹೇಳುತ್ತಾರೆಯೇ? (ನಾವು ಮನ, ತಪ ಅಂತ ಚಿಕ್ಕದು ಮಾಡುತ್ತೇವೆ ನಿಜ. ಆದರೆ ಅದು ಬಹುವಚನ ಅಂದುಕೊಂಡು ಕತ್ತರಿಸಿದ್ದಲ್ಲ.)

ಇಂಗ್ಲಿಷಿನೊಳಗೇ ಸಾಕ್ಷಿ ಬೇಕಾದರೆ ಎಥೋಸ್, ಪೇಥೋಸ್, ಕೇಯಾಸ್ ಇವೆ. ಮೂರೂ ಗ್ರೀಕ್ ಪದಗಳೇ. ‘ಒಂದು ಎಥೋ’ ಅಂತ ಯಾರೂ ಬರೆಯುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ಈ ಒಂದು ಮಾತು ಹೇಳಿದರೆ ಸಾಕು.

ಇಂಗ್ಲಿಷಿಗೆ ಈ ಪದ ತಂದವರು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹುಡುಗರು. 18ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಗೆ ಓದಲು ಬರುತ್ತಿದ್ದವರು ಚಿಕ್ಕಂದಿನಿಂದ ಗ್ರೀಕ್, ಲ್ಯಾಟಿನ್ ಉರುಹೊಡೆದವರು. ತಮ್ಮತಮ್ಮಲ್ಲಿ ಮಾತಾಡುವಾಗ ಹೋಮರನ ದೊಡ್ಡ ಪದವನ್ನು ತಂದು ‘ಅವನಿಗೆ ಪರೀಕ್ಷೆಯಲ್ಲಿ ಒಳ್ಳೆ ಕೂಡೋಸ್ ಬಂತು’ ಅನ್ನೋ ಥರ ಬಳಸತೊಡಗಿದರು. ಕಾಲೇಜು ಹುಡುಗರ ಆಡುಮಾತು, ಅಷ್ಟೇ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದ ಕವಿ ರಾಬರ್ಟ್ ಸೌದಿ 1799ರ ಹೊತ್ತಿಗೆ ಇದನ್ನು ಕ್ರಿಯಾಪದವನ್ನಾಗಿಯೂ ಮಾಡಿಬಿಟ್ಟಿದ್ದ.

ಪದ ಪಾಠದ ಬೆಂಚಿನಿಂದ ನೇರವಾಗಿ ಬಂತು ಅನ್ನೋದಕ್ಕೆ ಅದರ ಕಾಗುಣಿತವೇ ಸಾಕ್ಷಿ. ಹಳೆಯ ಗ್ರೀಕ್ ಪದಗಳು ಇಂಗ್ಲಿಷಿಗೆ ಸಾಮಾನ್ಯವಾಗಿ ಲ್ಯಾಟಿನ್ ಮೂಲಕ ಬರುತ್ತವೆ. ಆ ದಾರಿಯಲ್ಲಿ ಗ್ರೀಕಿನ ‘ಕ’ಗೆ ‘ಸಿ’ ಅಕ್ಷರ, ‘ಉ’ಗೆ ‘ವೈ’ ಅಕ್ಷರ ಬೀಳುತ್ತದೆ. ಸೈಕಲ್ ಅನ್ನೋ ಪದ ಹಾಗೆ ಬಂದದ್ದು. ಪೆಲೊಪೊನೀಸಿಯನ್ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್ ಹೆಸರು ನೋಡಿ. ಗ್ರೀಕಿನಲ್ಲಿ ಅದು ಥೂಕುದಿದೇಸ್. ‘ದೇವರು’ ಅನ್ನೋ ಪದಕ್ಕೆ ಇದೇ ಕೂದೊಸ್ ಸೇರಿ ಆದ ಹೆಸರು ಅಂತ ಅದನ್ನು ಬಿಡಿಸುತ್ತಾರೆ. ಲ್ಯಾಟಿನ್ ದಾಟಿ ಬಂದಾಗ ನಡುವಿನ ‘ಕುದ್’ ಹೋಗಿ ‘ಸಿಡ್’ ಆಗಿದೆ. ಕೂಡೋಸ್ ಕೂಡ ಆ ದಾರಿಯಲ್ಲಿ ಬಂದಿದ್ದರೆ ಇವತ್ತು ನಿಮ್ಮ ಮ್ಯಾನೇಜರ್ ‘ಸೈಡಸ್’ ಅಂತ ಏನೋ ಬರೆಯಬೇಕಾಗಿತ್ತು. ಹುಡುಗರು ಗ್ರೀಕ್ ಅಕ್ಷರ ನೋಡಿ ಹಾಗೇ ‘ಕೆ’, ‘ಯು’ ಹಾಕಿದರು, ಅದೇ ಉಳಿಯಿತು.

ಇಷ್ಟಾದರೂ ಆಗ ಕೂಡೋಸ್ ಅಂದರೆ ಮುಖ್ಯವಾಗಿ ಗಳಿಸಿದ ಹೆಸರು, ಪ್ರತಿಷ್ಠೆ. ‘ಆ ಹುದ್ದೆಯಲ್ಲಿ ಸಂಬಳ ಕಡಿಮೆ, ಆದರೆ ಕೂಡೋಸ್ ಇದೆ’ ಅನ್ನೋ ಅರ್ಥ. ಬ್ರಿಟಿಷರು ಇವತ್ತಿಗೂ ಹೀಗೆ ಬಳಸುತ್ತಾರೆ. ಲಂಡನ್ನಿನ ಸಹೋದ್ಯೋಗಿ ಇಂಥ ವಾಕ್ಯ ಬರೆದರೆ ಅಲ್ಲಿ ಯಾರೋ ಯಾರನ್ನೋ ಹೊಗಳುತ್ತಿದ್ದಾರೆ ಅಂತ ಓದಬೇಡಿ, ಅದು ಮರ್ಯಾದೆಯ ಮಾತು. ಹೊಗಳಿಕೆ ಅನ್ನೋ ಅರ್ಥದ ಮೊಳಕೆಯೂ 19ನೇ ಶತಮಾನದಲ್ಲೇ ಕಾಣುತ್ತದೆ. 1859ರಲ್ಲಿ ತನ್ನ ಜೀವಿಗಳ ಉಗಮದ ಪುಸ್ತಕ ಅಚ್ಚಾಗುತ್ತಿದ್ದಾಗ ಚಾರ್ಲ್ಸ್ ಡಾರ್ವಿನ್ ಒಂದು ಪತ್ರ ಬರೆಯುತ್ತಾನೆ: ಭೂವಿಜ್ಞಾನಿ ಲಯೆಲ್ ಅರ್ಧದಷ್ಟು ಓದಿದ್ದಾರೆ, ನನಗೆ ತುಂಬಾ ಕೂಡೋಸ್ ಕೊಡುತ್ತಿದ್ದಾರೆ ಅಂತ. ಡಾರ್ವಿನ್ ಕೇಂಬ್ರಿಡ್ಜ್‌ನಲ್ಲಿ ಓದಿದವನು, ಪದ ಅಲ್ಲಿನ ಗಾಳಿಯಲ್ಲೇ ಇತ್ತು. ಈ ವಾಕ್ಯದಲ್ಲಿ ಕೂಡೋಸ್ ದೇವರು ಕೊಡುವುದೂ ಅಲ್ಲ, ಗೆದ್ದು ಎತ್ತಿಕೊಳ್ಳುವುದೂ ಅಲ್ಲ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡುವಂಥದ್ದು.

ದೊಡ್ಡ ತಿರುವು ಬಂದದ್ದು ಅಮೆರಿಕದಲ್ಲಿ, 1920ರ ದಶಕದ ಆಸುಪಾಸು. ಹೊಸದಾಗಿ ಶುರುವಾಗಿದ್ದ ‘ಟೈಮ್’ ವಾರಪತ್ರಿಕೆಗೆ ಚಿಕ್ಕ, ಚುರುಕಾದ ಪದಗಳ ಮೇಲೆ ಪ್ರೀತಿ. ವಿಶ್ವವಿದ್ಯಾಲಯಗಳು ವರ್ಷಕ್ಕೊಮ್ಮೆ ಗಣ್ಯರಿಗೆ ಕೊಡುವ ಗೌರವ ಪದವಿಗಳ ಪಟ್ಟಿಗೆ ಅದು ‘ಕೂಡೋಸ್’ ಅಂತ ತಲೆಬರಹ ಕೊಡತೊಡಗಿತು. ಓದುಗರ ಜಾಗದಲ್ಲಿ ನಿಂತು ನೋಡಿ. ಮೇಲೆ ಕೂಡೋಸ್ ಅಂತಿದೆ, ಕೆಳಗೆ ಸಾಲುಸಾಲು ಹೆಸರು, ಸಾಲುಸಾಲು ಪದವಿ. ಕೂಡೋಸ್ ಅಂದರೆ ಪದವಿಗಳು, ಗೌರವಗಳು ಅಂತ ಯಾರಿಗಾದರೂ ಅನ್ನಿಸುತ್ತದೆ. ಅವರೆಲ್ಲ ಗ್ರೀಕ್ ಓದಿದವರಲ್ಲ. ಬಹುವಚನ ಅಂದುಕೊಂಡ ಮೇಲೆ ಏಕವಚನ ಬೇಕಲ್ವಾ? ಹಾಗೆ ‘ಕೂಡೋ’ ಹುಟ್ಟಿತು.

ಇನ್ನೊಂದು ಕಾರಣವೂ ಇದೆ. ನನ್ನ ಪ್ರಕಾರ ಇದೇ ಹೆಚ್ಚು ಬಲವಾದದ್ದು. ಇಂಗ್ಲಿಷಿನಲ್ಲಿ ಒಬ್ಬರಿಗೆ ಒಳ್ಳೆ ಮಾತು ಹೇಳುವ ಎಷ್ಟೋ ಪದಗಳು ಬಹುವಚನದಲ್ಲಿರುತ್ತವೆ: ಕಂಗ್ರಾಚುಲೇಷನ್ಸ್, ಥ್ಯಾಂಕ್ಸ್, ರಿಗಾರ್ಡ್ಸ್, ಕಾಂಪ್ಲಿಮೆಂಟ್ಸ್, ಚಿಯರ್ಸ್. ಕನ್ನಡದಲ್ಲೂ ಹಾಗೇ, ಅಭಿನಂದನೆಗಳು, ವಂದನೆಗಳು, ಶುಭಾಶಯಗಳು. ಈ ಸಾಲಿನಲ್ಲಿ ಬಂದು ಕೂತ ಕೂಡೋಸ್ ಕೂಡ ಬಹುವಚನದ ಹಾಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಂಗ್ಲಿಷಿಗೆ ಇದು ಹೊಸ ಚಾಳಿಯೂ ಅಲ್ಲ. ಬಟಾಣಿಗೆ ಹಳೆಯ ಇಂಗ್ಲಿಷ್ ಪದ ‘ಪೀಸ್’, ಅದು ಏಕವಚನ. ಕೊನೆಯ ‘ಸ್’ ಬಹುವಚನ ಅಂದುಕೊಂಡು ‘ಪೀ’ ಮಾಡಿದರು. ಚೆರ್ರಿ ಹಣ್ಣೂ ಹಾಗೇ, ಫ್ರೆಂಚರಿಂದ ಬಂದಾಗ ‘ಚೆರೀಸ್’ ಥರದ ಪದ, ಬಾಲ ಕತ್ತರಿಸಿ ಚೆರ್ರಿ ಆಯಿತು. ಇವತ್ತು ಅವು ತಪ್ಪು ಅಂತ ಯಾರೂ ಹೇಳುವುದಿಲ್ಲ. ನಾವು ಕನ್ನಡದಲ್ಲಿ ಇದರ ಉಲ್ಟಾ ಮಾಡುತ್ತೇವೆ. ‘ಒಂದು ಮಾರ್ಕ್ಸ್‌ನಲ್ಲಿ ಫಸ್ಟ್ ಕ್ಲಾಸ್ ಹೋಯ್ತು’ ಅನ್ನುತ್ತೇವೆ, ಬಹುವಚನವನ್ನೇ ಏಕವಚನ ಮಾಡಿಕೊಂಡು. ಆದ್ದರಿಂದ ‘ಕೂಡೋ’ ಬರೆದವರನ್ನು ದಯವಿಟ್ಟು ಎಲ್ಲರೆದುರು ತಿದ್ದಬೇಡಿ. ಅವರ ತರ್ಕ ಪದಗಳ ಇತಿಹಾಸದಲ್ಲಿ ಎಷ್ಟೋ ಸಲ ಗೆದ್ದಿದೆ. ಕೆಲವು ಅಮೆರಿಕನ್ ನಿಘಂಟುಗಳು ‘ಕೂಡೋ’ಗೆ ಜಾಗವನ್ನೂ ಕೊಟ್ಟಿವೆ. ಆದರೆ ಚೆನ್ನಾಗಿ ಓದಿಕೊಂಡ ಬಹಳಷ್ಟು ಜನ ಇನ್ನೂ ಅದನ್ನು ತಪ್ಪು ಅಂತಲೇ ಎಣಿಸುತ್ತಾರೆ. ಕ್ಲೈಂಟ್‌ಗೆ, ಅರ್ಜಿಗೆ, ಅಚ್ಚಿಗೆ ಹೋಗುವ ಬರಹದಲ್ಲಿ ಬೇಡ.

ಉಚ್ಚಾರಣೆ ಬೇಗ ಮುಗಿಸುತ್ತೇನೆ. ಬ್ರಿಟಿಷರು ‘ಕ್ಯೂಡಾಸ್’ ಅನ್ನುತ್ತಾರೆ, ಕೊನೆಯಲ್ಲಿ ಸ್ಪಷ್ಟ ‘ಸ್’. ಅಮೆರಿಕನ್ನರಲ್ಲಿ ‘ಕೂಡೋಸ್’ ಉಂಟು, ಕೊನೆಯನ್ನು ‘ಜ಼್’ ಮಾಡಿ ‘ಕೂಡೋಜ಼್’ ಅನ್ನುವವರೂ ತುಂಬಾ ಜನ. ಆ ‘ಜ಼್’ ಬಹುವಚನದ ಉಚ್ಚಾರ, ಅಂದರೆ ಅದೇ ತಪ್ಪುಗ್ರಹಿಕೆ ನಾಲಿಗೆಗೂ ಇಳಿದಿದೆ. ಕನ್ನಡಿಗರಿಗೆ ‘ಕೂಡೋಸ್’ ಸಹಜವಾಗಿ ಬರುತ್ತದೆ, ಹಾಗೇ ಹೇಳಿ. ಒಂದು ಸಣ್ಣ ಎಚ್ಚರಿಕೆ, ಗ್ರೀಕ್ ಕಲಿಯುವವರಿಗೆ ಮಾತ್ರ: ಅಲ್ಲಿ ‘ಉ’ ಹ್ರಸ್ವವಾದ ಇನ್ನೊಂದು ‘ಕುದೊಸ್’ ಇದೆ, ಅದರ ಅರ್ಥ ಬೈಗುಳ!

ಇಂಗ್ಲಿಷಿನಲ್ಲಿ ಇದರ ಅಕ್ಕಪಕ್ಕದ ಪದಗಳಿಗೂ ಒಂದೊಂದು ಊರಿದೆ. ಅಕೊಲೇಡ್ ಅನ್ನೋದರಲ್ಲಿ ಲ್ಯಾಟಿನ್ನಿನ ‘ಕುತ್ತಿಗೆ’ ಇದೆ, ನೈಟ್ ಪದವಿ ಕೊಡುವಾಗ ಕುತ್ತಿಗೆ ಬಳಸಿ ಅಪ್ಪಿಕೊಳ್ಳುತ್ತಿದ್ದರು, ಆಮೇಲೆ ಕತ್ತಿಯಿಂದ ಭುಜ ಮುಟ್ಟುವುದಕ್ಕೂ ಅದೇ ಹೆಸರಾಯಿತು. ಪ್ಲಾಡಿಟ್ಸ್ ಅನ್ನೋದು ಚಪ್ಪಾಳೆಯಿಂದ ಬಂದದ್ದು. ಪ್ಯಾನೆಜಿರಿಕ್ ಅಂದರೆ ಜನರೆಲ್ಲ ಸೇರಿದ ಜಾತ್ರೆಯಂಥ ಸಭೆಯಲ್ಲಿ ಮಾಡುವ ಹೊಗಳಿಕೆಯ ಭಾಷಣ. ಸಾರ್ವಜನಿಕ ಹೊಗಳಿಕೆಗೆ ತಕ್ಕ ಗ್ರೀಕ್ ಪದ ಹುಡುಕಿದರೆ ನಿಜವಾಗಿ ಇದೇ ಸಿಗಬೇಕು, ಕೂದೊಸ್ ಅಲ್ಲ.

ಹಾಗಂತ ‘ಹೋಮರನಲ್ಲಿ ಅರ್ಥ ಬೇರೆ, ಈಗಿನ ಬಳಕೆ ತಪ್ಪು’ ಅಂತ ನಾನು ಹೇಳುವುದಿಲ್ಲ. ಪದ ಇವತ್ತು ಯಾವ ಅರ್ಥದಲ್ಲಿ ಓಡುತ್ತಿದೆಯೋ ಅದೇ ಅದರ ಅರ್ಥ. ಆದರೆ ಹಳೆಯ ಅರ್ಥ ಗೊತ್ತಿದ್ದರೆ ಪದವನ್ನು ಎಲ್ಲಿ ಇಡಬೇಕು ಅಂತ ತಿಳಿಯುತ್ತದೆ. ಕೂದೊಸ್ ಹೆಚ್ಚಾಗಿ ಒಂದು ಕೆಲಸಕ್ಕೆ, ಒಂದು ಗೆಲುವಿಗೆ ಅಂಟಿಕೊಂಡಿತ್ತು. ಅದಕ್ಕೇ ಇವತ್ತಿಗೂ ‘ಕೂಡೋಸ್ ಟು’ ಅಂತ ಹೆಸರು ಬರೆದ ಮೇಲೆ ‘ಫಾರ್’ ಅಂತ ಏನು ಮಾಡಿದರು ಅನ್ನೋದನ್ನೂ ಬರೆದರೆ ವಾಕ್ಯ ತುಂಬಿಕೊಳ್ಳುತ್ತದೆ. ಹುಟ್ಟುಹಬ್ಬಕ್ಕೆ, ಮದುವೆಗೆ ಕೂಡೋಸ್ ಹೇಳುವುದಿಲ್ಲ. ಓಟ, ಸೈಕಲ್ ತುಳಿತ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಲೈಕ್ ಬದಲು ಕೂಡೋಸ್ ಅಂತ ಇಟ್ಟಿದ್ದಾರೆ. ನನಗೆ ಅದು ಒಪ್ಪುವ ಬಳಕೆ. ನಂದಿ ಬೆಟ್ಟ ಹತ್ತಿ ಬಂದವರಿಗೆ ಅದು ಸಲ್ಲುತ್ತದೆ, ಬೆವರು ಸುರಿಸಿದ್ದಾರೆ.

ಆಟಗಾರರಿಗೂ ಈ ಪದಕ್ಕೂ ಹಳೆಯ ನಂಟೇ. ಗ್ರೀಸ್‌ನ ದೊಡ್ಡ ಕ್ರೀಡಾಕೂಟಗಳಲ್ಲಿ ಕಿರೀಟ ಗೆದ್ದವರು ಆ ಗೆಲುವಿನ ಕೂದೊಸ್ ಅನ್ನು ತಮ್ಮ ಊರಿಗೂ ಹೊತ್ತು ತರುತ್ತಾರೆ ಅನ್ನೋ ನಂಬಿಕೆ ಇತ್ತು ಅಂತ ಗ್ರೀಕ್ ಸಾಹಿತ್ಯದ ವಿದ್ವಾಂಸೆ ಲೆಸ್ಲಿ ಕರ್ಕ್ 1993ರ ಲೇಖನವೊಂದರಲ್ಲಿ ತೋರಿಸಿದ್ದಾರೆ. ಸ್ಪಾರ್ಟಾದ ರಾಜ ಯುದ್ಧಕ್ಕೆ ಹೊರಟಾಗ ಇಂಥ ಒಬ್ಬ ವಿಜೇತ ಜೊತೆಗಿರುತ್ತಿದ್ದನಂತೆ. ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಪ್ರಸಂಗ ಹೇಳುತ್ತಾನೆ. ಒಲಿಂಪಿಯಾದಲ್ಲಿ ಸೋಲಲು ಒಪ್ಪಿಕೊಂಡರೆ ದೊಡ್ಡ ಮೊತ್ತ ಕೊಡುತ್ತೇವೆ ಅಂದರೂ ಒಬ್ಬ ಸ್ಪಾರ್ಟಾದ ಕುಸ್ತಿಪಟು ತೆಗೆದುಕೊಳ್ಳಲಿಲ್ಲ, ತುಂಬಾ ಒದ್ದಾಡಿ ಗೆದ್ದ. ಗೆದ್ದು ನಿನಗೆ ಸಿಕ್ಕಿದ್ದೇನು ಅಂತ ಕೇಳಿದ್ದಕ್ಕೆ ನಕ್ಕು ಹೇಳಿದ: ನನ್ನ ರಾಜನ ಮುಂದೆ ನಿಂತು ಯುದ್ಧ ಮಾಡುತ್ತೇನೆ.

ಕೊನೆಗೆ ಕನ್ನಡದ ಪ್ರಶ್ನೆ. ಒಂದೇ ಪದದಲ್ಲಿ ಬೇಕೆಂದರೆ ‘ಭೇಷ್’, ‘ಶಾಬಾಷ್’. ಶಾಬಾಷ್ ಪರ್ಷಿಯನ್ ಮೂಲದ್ದು, ‘ಸಂತೋಷವಾಗಿರು’ ಅನ್ನುವ ಹಾರೈಕೆಯ ಮಾತು. ಯಕ್ಷಗಾನದ ರುಚಿ ಇರುವವರು ‘ಭಳಿರೇ’ ಅನ್ನಬಹುದು, ಆಫೀಸ್ ಮೇಲ್‌ಗೆ ಸ್ವಲ್ಪ ಜಾಸ್ತಿ ಆದೀತು. ಒಂದು ನಯ ಮಾತ್ರ ನೆನಪಿರಲಿ. ಶಾಬಾಷ್ ದೊಡ್ಡವರು ಚಿಕ್ಕವರಿಗೆ, ಇಲ್ಲವೇ ಸಮಾನರು ತಮ್ಮತಮ್ಮಲ್ಲಿ ಹೇಳುವ ಮಾತು. ಮೇಷ್ಟ್ರಿಗೆ ಶಾಬಾಷ್ ಅಂದರೆ ಚೆನ್ನಾಗಿರುವುದಿಲ್ಲ. ಕೂಡೋಸ್‌ಗೂ ಸ್ವಲ್ಪ ಅದೇ ಗುಣ ಇದೆ, ಸಲುಗೆಯ ಪದ. ಹಿರಿಯರಿಗೆ ಬರೆಯುವಾಗ ‘ಅಭಿನಂದನೆಗಳು’ ಇರಲಿ. ನಿಮ್ಮ ತಂಡದೊಳಗಿನ ಮೇಲ್ ಆದರೆ ‘ಬಿಲ್ಲಿಂಗ್ ತೊಂದರೆಯನ್ನು ರಾತ್ರೋರಾತ್ರಿ ಸರಿಪಡಿಸಿದ್ದಕ್ಕೆ ನಿಮಗೆ ಭೇಷ್’ ಅಂತ ಬರೆದು ನೋಡಿ. ಕೂಡೋಸ್ ಹೇಳುವಷ್ಟನ್ನೂ ಅದು ಹೇಳುತ್ತದೆ, ಏಕವಚನ ಬಹುವಚನದ ತಕರಾರೂ ಬರುವುದಿಲ್ಲ.